ಉಗ್ರಪ್ಪನ ಸುತ್ತಿಗೆ

ತಿಲಕ್ ನಗರದ ಮೆಕ್ಯಾನಿಕ್ ಉಗ್ರಪ್ಪ ಕೂತು ಟೀ ಕುಡಿದದ್ದನ್ನು ಕಂಡವರಿಲ್ಲ; ಮದುವೆಯೂಟದಲ್ಲೂ ಅನ್ನ ಬರುವಷ್ಟರಲ್ಲಿ ಎರಡು ಸಲ ಎದ್ದು ಓಡಾಡುವ ಆಸಾಮಿ. ಆದರೆ ಬಡಾವಣೆಯ ಆಟದ ಕ್ಲಬ್ಬಿನವರ ಹುಲ್ಲು ಕತ್ತರಿಸುವ ಗಾಡಿ ಬಂತೆಂದರೆ, ತುಕ್ಕು ಹಿಡಿದು ಕಚ್ಚಿಕೊಂಡ ಅದರ ಬೆಲ್ಟು ಸುತ್ತುವ ಪುಲ್ಲಿಗೆ ಸೀಮೆಎಣ್ಣೆ ಹೊಯ್ದು, ಸುತ್ತಿಗೆಯನ್ನು ಹೆಂಡತಿಯ ಕೈಗೆ ಕೊಟ್ಟುಬಿಡುತ್ತಾನೆ. "ನಾಳೆವರೆಗೂ ನೆನೀಲಿ. ನಾನೇ ಕೇಳಿದ್ರೂ ಕೊಡ್ಬೇಡ ಕಣೇ." ಗಳಿಗೆಗೊಮ್ಮೆ ಒಳಗೆ ಬಂದು ಅವನೇ ಗೋಗರೆಯುತ್ತಾನೆ: "ಒಂದೇ ಒಂದು ಏಟು, ರುದ್ರಿ." "ನಾಳೆ ಅಂದೋನು ನೀನೇ ತಾನೆ," ಎಂದು ರುದ್ರಮ್ಮ ಸುತ್ತಿಗೆಯಿಟ್ಟ ಅಕ್ಕಿಡಬ್ಬದ ಮೇಲೇ ಕೂತುಬಿಡುತ್ತಾಳೆ. ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಅವನ ಆತುರದ ಏಟಿಗೆ ಪುಲ್ಲಿ ಸೀಳಿಹೋಗಿತ್ತು. ಹೊಸದು ಎಲ್ಲೂ ಸಿಗದೆ, ಕ್ಲಬ್ಬಿನ ಮಾಲಿ ಬೋರಯ್ಯ ಎರಡು ತಿಂಗಳು ಇಡೀ ಮೈದಾನವನ್ನು ಕುಡುಗೋಲಿನಲ್ಲಿ ಕೊಯ್ದ. ಬಗ್ಗಿದ ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಒಂದು ಗಳಿಗೆಯೂ ಕೂರಲಾರದ ಉಗ್ರಪ್ಪನ ಅಂಗಡಿಯಲ್ಲಿ ಅಂದಿನಿಂದ ಒಂದು ಮಡಚುವ ಒರಗುಕುರ್ಚಿಯಿದೆ. ಬೋರಯ್ಯ ಬಂದಾಗ ಮಾತ್ರ ಉಗ್ರಪ್ಪ ಅದನ್ನು ಬಿಡಿಸಿ ಹಾಕಿಕೊಡುತ್ತಾನೆ.