ಅಂಕಣದ ಶಾಲೆ

ಸಿಂಧನೂರು ಬಿಟ್ಟು ಮುದಗಲ್ ಹತ್ತಿರದ ಹಳ್ಳಿಯ ಶಾಲೆಗೆ ನಾನು ಟೀಚರಾಗಿ ಬಂದಾಗ ಅಲ್ಲಿ ಗೋಡೆಗಳಿದ್ದದ್ದು ಹೊರಗೆ ಮಾತ್ರ. ನಿಜಾಮರ ಕಾಲದಲ್ಲಿ ಜೋಳ ತುಂಬಿಡಲು ಕಟ್ಟಿದ ಕಟ್ಟಡವಂತೆ ಅದು. ಒಳಗೆ ಎರಡು ಸಾಲು ಕಲ್ಲುಕಂಬ, ಮೇಲೆ ಮಣ್ಣಿನ ಮಾಳಿಗೆ. ಕಂಬದಿಂದ ಕಂಬದವರೆಗಿನ ಜಾಗಕ್ಕೆ ಅಂಕಣ ಎನ್ನುತ್ತಾರಲ್ಲ, ಒಂದೊಂದು ಅಂಕಣದಲ್ಲಿ ಒಂದೊಂದು ತರಗತಿ. ಪಾಸಾದ ಮಕ್ಕಳು "ಮುಂದಿನ ಅಂಕಣಕ್ಕ ಹೋದ್ವಿ" ಎನ್ನುತ್ತಿದ್ದರು.

ನನ್ನದು ನಾಲ್ಕನೆಯ ಅಂಕಣ. ಐದನೆಯದರಲ್ಲಿ ಒಬ್ಬ ಹಿರಿಯ ಮಾಸ್ತರು. ನಾನು ಪದ್ಯ ಶುರುಮಾಡಿದಾಗಲೇ ಅವರ ಮಗ್ಗಿಯೂ ಶುರುವಾಗಬೇಕು. "ಸರ್, ಸ್ವಲ್ಪ ಮೆಲ್ಲಕ ಹೇಳಸ್ರಿ" ಎಂದರೆ, "ನಿಮ್ಮ ಪದ್ಯಕ್ಕ ನಮ್ಮ ಮಗ್ಗಿ ತಾಳ ಹಾಕಾಕತ್ತೈತಿ, ಬಿಡ್ರೀ ಟೀಚರ್" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಬಾಡಿಗೆ ಕೋಣೆಗೆ ಹೋದರೆ ನಾನೊಬ್ಬಳೇ, ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ದಿನಕ್ಕೆಲ್ಲ ನನ್ನ ಮಾತುಕತೆಯೆಂದರೆ ಆ ಜಗಳವೇ. ಭಾನುವಾರ ಯಾಕಾದರೂ ಬರುತ್ತದೋ ಅನಿಸುತ್ತಿತ್ತು.

ಮಾಳಿಗೆ ಸೋರಿ ತೊಲೆಗಳು ಬಾಗಿದ ಮೇಲೆ ಪಕ್ಕದಲ್ಲೇ ಹೊಸ ಕಟ್ಟಡ ಬಂತು. ತರಗತಿಗೊಂದು ಕೋಣೆ, ಫ್ಯಾನು, ಕಬ್ಬಿಣದ ಬಾಗಿಲು. ಮಣ್ಣಿನ ಮಾಳಿಗೆ ಸದ್ದನ್ನು ನುಂಗಿಕೊಳ್ಳುತ್ತಿತ್ತು, ಈ ಕಾಂಕ್ರೀಟ್ ಅದನ್ನು ತಿರುಗಿ ನಮ್ಮ ಕಿವಿಗೇ ಬಡಿಯುತ್ತದೆ. ಗದ್ದಲ ತಾಳಲಾರದೆ ಹೆಡ್‌ಮಾಸ್ತರು ಎಲ್ಲರೂ ಬಾಗಿಲು ಹಾಕಿಕೊಳ್ಳಿ ಎಂದರು. ಹಾಕಿಕೊಂಡೆವು. ಮಗ್ಗಿ ಕೇಳಿಸುವುದು ನಿಂತಿತು. ಮಧ್ಯಾಹ್ನ ಆ ಮಗ್ಗಿಯ ಮಾಸ್ತರು ಊಟಕ್ಕೆ ಮನೆಗೆ ಹೋಗುವವರು. ಒಂದು ಮಾತಾದರೂ ಸಿಕ್ಕೀತೆಂದು ನಾನು ಬೇಕಂತಲೇ ವರಾಂಡದಲ್ಲಿ ನಿಂತಿರುತ್ತಿದ್ದೆ. "ಹೊಸ ಬಿಲ್ಡಿಂಗು ಆರಾಮ ಐತಲ್ರೀ ಟೀಚರ್" ಎಂದು ಬೈಕು ಹತ್ತುತ್ತಿದ್ದರು. ಆರಾಮವಂತೆ, ಸುಡುಗಾಡು.

ಹೋದ ತಿಂಗಳು ಭಾಗಾಕಾರ ಕಲಿಸುತ್ತಿದ್ದಾಗ ಯಾರೋ ಬಾಗಿಲು ಬಡಿದರು. ತಡವಾಗಿ ಬಂದ ಹುಡುಗನಿರಬೇಕೆಂದು, "ಅಲ್ಲೇ ನಿಂದ್ರಲೇ" ಎಂದು ಗದರಿಸಿ ಲೆಕ್ಕ ಮುಂದುವರಿಸಿದೆ. ಮತ್ತೆ ಸದ್ದಾಗಲಿಲ್ಲ. ಗಂಟೆ ಹೊಡೆದ ಮೇಲೆ ಹೊರಗೆ ಬಂದರೆ ಐದನೆಯ ತರಗತಿಯವರೆಲ್ಲ ಅಂಗಳದಲ್ಲಿ ಆಡುತ್ತಿದ್ದರು.

"ನಿಮ್ಮ ಸರ್ ಎಲ್ಲೇ?" ಎಂದು ಒಬ್ಬ ಹುಡುಗಿಯನ್ನು ಕೇಳಿದೆ.

"ಲಿಂಗಸುಗೂರಿಗೆ ವರ್ಗಾ ಆಗೇತ್ರಿ ಅವರಿಗೆ, ನಿನ್ನೆ ಆರ್ಡರ್ ಬಂದೈತಿ. ಈಗ ಹೋದ್ರು. ನಿಮಗ ಹೇಳಿ ಹೋಗ್ತೀನಿ ಅಂತ ಬಾಗಲಾ ಬಡದಿದ್ರು" ಎಂದಳು. "ನೀವು ನಿಂದ್ರು ಅಂದ್ರಲ್ರೀ ಟೀಚರ್. ಭಾಳ ಹೊತ್ತು ಅಲ್ಲೇ ನಿಂತಿದ್ರು."