ಶರಣಪ್ಪನವರು ಓದಿದ ತೂಕ

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ಬಸವಕಲ್ಯಾಣದ ಪೇಟೆಯಲ್ಲಿ ತಪಾಸಣೆಗೆ ಹೊರಟಿದ್ದೆ. ಒಂದು ಕಿರಾಣಿ ಅಂಗಡಿಯಲ್ಲಿ ಖಾರಪುಡಿ ಪಾಕೀಟುಗಳ ಮೇಲೆ ಬರೀ ಅರಬ್ಬಿ ಅಕ್ಷರಗಳಿದ್ದವು. ಹುಮನಾಬಾದಿನಲ್ಲಿ ಅರಬ್ ದೇಶಕ್ಕೆಂದು, ಅಲ್ಲಿನ ಕಾಯಿದೆಯಂತೆ ಕಟ್ಟಿದ ಮಾಲು. ಆರ್ಡರು ರದ್ದಾಗಿ ಇಲ್ಲಿಗೆ ಬಂದಿತ್ತು. ನಮ್ಮ ಕಾಯಿದೆಯ ಪ್ರಕಾರ ತೂಕ, ತಾರೀಖು, ಬೆಲೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು.

"ಇದನ್ನ ಜಪ್ತಿ ಮಾಡಬೇಕಾಗುತ್ತೆ. ಗ್ರಾಹಕರಿಗೆ ಒಂದಕ್ಷರವೂ ತಿಳಿಯೋಲ್ಲ," ಎಂದೆ. ಅಂಗಡಿಯವನ ಮುಖ ಬಾಡಿತು.

ಖಾರಪುಡಿ ಕೊಳ್ಳಲು ನಿಂತಿದ್ದ ವಯಸ್ಸಾದ ರೈತ ಶರಣಪ್ಪನವರು ಒಂದು ಪಾಕೀಟನ್ನು ಕಣ್ಣಿನ ಹತ್ತಿರ ಹಿಡಿದರು. "ಯಾಕ ತಿಳಿಯಂಗಿಲ್ರಿ ಸಾಹೇಬ್ರ? ನಾ ನಿಜಾಮರ ಕಾಲದಾಗ ಉರ್ದು ಸಾಲಿ ಕಲ್ತೀನಿ. ಇದು ವಜನ, ಅರ್ಧ ಕಿಲೋ. ಇದು ತಾರೀಖ. ಎಲ್ಲಾ ನಮ್ಮ ಮಾತೇ ಅದಾವಲ್ರಿ."

"ಬೆಲೆ ಎಲ್ಲಿದೆ?" ಎಂದೆ.

ತಿರುಗಿಸಿ ತಿರುಗಿಸಿ ನೋಡಿದರು. "ಅದೊಂದಿಲ್ರಿ."

"ಅದಕ್ಕೇ ನಮ್ಮ ಕಾಯಿದೆ ಬೇಕಾಗೋದು," ಎಂದೆ, ಗೆದ್ದವನಂತೆ. ಜಪ್ತಿ ಬಿಟ್ಟು, ಹೊಸ ಚೀಟಿ ಅಂಟಿಸುವವರೆಗೆ ಮಾರಬೇಡ ಎಂದು ಹೇಳಿ ಬಂದೆ.

ಮುಂದಿನ ವಾರ ಹೋದಾಗ ಹುಮನಾಬಾದಿನವರು ಬೆಲೆ ಸಮೇತ ಇಂಗ್ಲಿಷ್ ಚೀಟಿ ಅಂಟಿಸಿಕೊಟ್ಟಿದ್ದರು, ಅದೂ ಅರಬ್ಬಿ ಅಕ್ಷರಗಳ ಮೇಲೆಯೇ. ಅಂಗಡಿಯವನು ಖುಷಿಯಿಂದ ಚಹಾ ತರಿಸಿದ. ಅಷ್ಟರಲ್ಲಿ ಶರಣಪ್ಪನವರು ಬಂದು ಒಂದು ಪಾಕೀಟು ಕೊಂಡರು. "ಇದರಾಗ ಏನ್ ಬರ್ದಾರೋ ತಿಳಿವಲ್ದು," ಎನ್ನುತ್ತ ನನ್ನೆದುರೇ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ವಜನ ಓದಿಕೊಂಡು, ಸಮಾಧಾನವಾಗಿ ಚೀಲಕ್ಕೆ ಹಾಕಿಕೊಂಡರು.

ಚೀಟಿ ಕಿತ್ತ ಗ್ರಾಹಕನ ಮೇಲೆ ಹಾಕುವಂಥ ಕಲಮು ನಮ್ಮ ಕಾಯಿದೆಯಲ್ಲಿ ನೆನಪಾಗಲಿಲ್ಲ. ನಾನೂ ಹುಡುಕಲಿಲ್ಲ, ಚಹಾ ಆರುತ್ತಿತ್ತು.