ಸುಧಾಮಣಿ ಮೇಡಂ ತಿದ್ದದೆ ಇಟ್ಟ ಎರಡು ಅಂಕ

ಬೆಳಗಿನ ಐದೂಮುಕ್ಕಾಲು. ಪದ್ಮನಾಭನಗರದ ಟ್ಯೂಷನ್ ಕೇಂದ್ರವೊಂದರ ಎರಡನೇ ಮಹಡಿಯಲ್ಲಿ ಸುಧಾಮಣಿ ಬೋರ್ಡ್ ಒರೆಸಿ ಈಥರ್ ಎಂಬ ಸಂಯುಕ್ತವೊಂದರ ರಚನೆ ಬರೆಯುತ್ತಾರೆ. ನಡುವೆ ಆಮ್ಲಜನಕ, ಎಡಕ್ಕೆ ಪುಟ್ಟ ಮೀಥೈಲ್ ಗುಂಪು, ಬಲಕ್ಕೆ ದೊಡ್ಡ ಟರ್ಷಿಯರಿ ಬ್ಯುಟೈಲ್. ಸಾಂದ್ರ ಹೈಡ್ರೋಅಯೋಡಿಕ್ ಆಮ್ಲ ಸೇರಿಸಿದರೆ ಅಯೋಡಿನ್ ಯಾವ ಕಡೆಗೆ?

"ಚಿಕ್ಕದಕ್ಕೆ ಮೇಡಂ," ಎನ್ನುತ್ತಾಳೆ ಮೊದಲ ಬೆಂಚಿನ ಸಮನ್ವಿತಾ.

"ನಾನೂ ಹಂಗೇ ಹೇಳ್ಕೊಡ್ತಿದ್ದೆ ಕಣೇ. ತಪ್ಪು."

"ಹಂಗಾದ್ರೆ ನಮ್ಗೂ ಫುಲ್ ಮಾರ್ಕ್ಸ್ ಕೊಟ್ಬಿಡಿ ಮೇಡಂ!" ಹಿಂದಿನ ಬೆಂಚಿನ ಕೂಗಿಗೆ ತರಗತಿ ನಗುತ್ತದೆ. ಸುಧಾಮಣಿ ನಗುವುದಿಲ್ಲ.

ಅವರಿಗೀಗ ಐವತ್ತೊಂದು. ತಂದೆಯ ಕಾಯಿಲೆಯಿಂದ ಎಂ.ಎಸ್ಸಿ. ಅರ್ಧಕ್ಕೇ ನಿಂತಿತು. ಹದಿನಾರು ವರ್ಷಗಳಿಂದ ಇಲ್ಲಿನ ರಸಾಯನಶಾಸ್ತ್ರದ ನೋಟ್ಸ್ ಎಲ್ಲ ಅವರದೇ. ರಕ್ಷಾಪುಟದಲ್ಲಿ ಹೆಸರು ಮಾತ್ರ ಮಾಲೀಕ ನಂದಕುಮಾರ್ ಅವರದು. ದಿನಕ್ಕೆ ಮೂರು ಬ್ಯಾಚ್, ವಾರಕ್ಕೆ ನೂರಿಪ್ಪತ್ತು ಉತ್ತರ ಪತ್ರಿಕೆ.

ಪರೀಕ್ಷೆಗೆ ನೆನಪಿರಲೆಂದು ಪ್ರತಿ ಪಾಠವನ್ನೂ ಒಂದೇ ಸಾಲಿಗೆ ಇಳಿಸುವುದು ಅವರ ಪದ್ಧತಿ. "ಚಿಕ್ಕ ಗುಂಪಿಗೆ ಅಯೋಡಿನ್" ಅಂಥದ್ದೊಂದು ಸಾಲು. ಹಲವು ಈಥರ್‌ಗಳಿಗೆ ಅದು ಸರಿ. ಟರ್ಷಿಯರಿ ಗುಂಪಿದ್ದರೆ ಮಾತ್ರ ಬಂಧ ಆ ಕಡೆಯೇ ಮುರಿಯುತ್ತದೆ, ಅಯೋಡಿನ್ ಅಲ್ಲಿಗೇ ಹೋಗುತ್ತದೆ. ಒಂದೇ ಸಾಲಿನ ಆಸೆಗೆ ಅವರು ಈ ಅಪವಾದವನ್ನು ಬಿಟ್ಟಿದ್ದರು.

ನಾಲ್ಕು ವರ್ಷದ ಹಿಂದೆ ಮಧುಶ್ರೀ ಎಂಬ ವಿದ್ಯಾರ್ಥಿನಿ ಇಲ್ಲಿನ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಸರಿಯಾಗಿಯೇ ಬರೆದಳು. ಸುಧಾಮಣಿ ಎರಡು ಅಂಕ ಕಳೆದರು.

"ಟೆಕ್ಸ್ಟ್‌ಬುಕ್ಕಲ್ಲಿ ಬೇರೆ ಇದೆ ಮೇಡಂ ಅಂದ್ಲು. ಬುಕ್ ಓದೇ ಪಾಸಾಗೋಳು ಇಲ್ಲಿಗೆ ಯಾಕಮ್ಮ ಬಂದೆ ಅಂದ್ಬಿಟ್ಟೆ. ಎಲ್ರೂ ನಕ್ರು. ಪೇಪರ್ ಟೇಬಲ್ ಮೇಲಿಟ್ಟು ಹೋದೋಳು ಮತ್ತೆ ಬರ್ಲಿಲ್ಲ," ಎಂದು ನೆನೆಯುತ್ತಾರೆ ಸುಧಾಮಣಿ.

ಆ ವಾರವೇ ಅವರು ಪಠ್ಯಪುಸ್ತಕ ತೆರೆದು ನೋಡಿ, ತಪ್ಪು ತಮ್ಮದೇ ಎಂದು ಮಾಲೀಕರಿಗೆ ತಿಳಿಸಿದರು. "ನೋಟ್ಸ್ ತಿದ್ದಿ ಸಾಕು, ಯಾರಿಗೂ ಹೇಳ್ಬೇಡಿ," ಎಂದರು ನಂದಕುಮಾರ್. ಸುಧಾಮಣಿ ಅಂದಿನಿಂದ ಪ್ರತಿ ಬ್ಯಾಚಿಗೂ ಹೇಳುತ್ತಿದ್ದಾರೆ. ಹೇಳಬೇಕಾದವಳಿಗೆ ಮಾತ್ರ ಹೇಳಿಲ್ಲ.

ಆ ಉತ್ತರ ಪತ್ರಿಕೆ ಈಗಲೂ ಅವರ ಚೀಲದಲ್ಲಿದೆ. ಕೆಂಪು ಗೀಟು ಹಾಗೇ ಇದೆ.

"ಬಿಳೇಕಹಳ್ಳೀಲಿ ಅವಳ ಮನೆ. ಎರಡು ಸಲ ಗೇಟಿನ ತನಕ ಹೋಗಿ ವಾಪಸ್ ಬಂದೆ, ನಾಚಿಕೆ ಆಗಿ. ಇಲ್ಲೇ ಕೂತು ತಿದ್ದೋದು ಸುಲಭ. ಎಲ್ರ ಮುಂದೆ ಅಂದಿದ್ದು ನಾನು. ಅವಳ ಮುಂದೇನೇ ತಿದ್ಬೇಕು. ಮುಂದಿನ ಸಲ ಬೆಲ್ ಒತ್ತೋಷ್ಟು ಧೈರ್ಯ ಬಂದ್ರೆ ಸಾಕು."